ಸುಟ್ಟ ಸೊಲೆನಾಯ್ಡ್, ಗುರಿ ಮುಟ್ಟದ ಪ್ಲಂಜರ್

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಕೆನಿಲ್‌ವರ್ತ್ ದಾಟಿ ವಾರಿಕ್ ಕಡೆಗೆ ಎ46 ಹೆದ್ದಾರಿಯಲ್ಲಿ ಹೋಗುತ್ತಿದ್ದೆ. ಗಂಟೆಗೆ 60 ಮೈಲಿ ವೇಗ, ನಾಲ್ಕನೆಯ ಗೇರು, ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರಿನ ಮುಳ್ಳು 3000ದ ಮೇಲೆ. ಎಂದಿನಂತೆ ಸ್ಟೀರಿಂಗ್ ಕಾಲಮ್ಮಿನ ಪಕ್ಕದ ಪುಟ್ಟ ಕಡ್ಡಿಯನ್ನು ಸರಿಸಿ ಓವರ್‌ಡ್ರೈವ್, ಎಂದರೆ ಅದೇ ವೇಗಕ್ಕೆ ಎಂಜಿನ್ನಿನ ಸುತ್ತು ತಗ್ಗಿಸುವ ಹೆಚ್ಚುವರಿ ಗೇರು, ಹಾಕಿದೆ. ಮುಳ್ಳು 2450ರ ಆಸುಪಾಸಿಗೆ ಇಳಿಯಬೇಕಿತ್ತು, ಅದರೊಂದಿಗೆ ಎಂಜಿನ್ನಿನ ಸದ್ದೂ ತಗ್ಗಬೇಕಿತ್ತು. ಎರಡೂ ಆಗಲಿಲ್ಲ. ಇನ್ನೇನು ಹಿಡಿದುಕೊಳ್ಳುತ್ತದೆ ಎಂದು ಕಾಯುತ್ತಾ ಕಡ್ಡಿಯನ್ನು ಹಾಗೆಯೇ ಬಿಟ್ಟದ್ದು ನಾನು ಮಾಡಿದ ತಪ್ಪು. ಒಂದು ನಿಮಿಷ ಕಳೆಯುವಷ್ಟರಲ್ಲಿ ಎಡಮೊಣಕಾಲಿನ ಬಳಿಯಿಂದ ವಾರ್ನಿಷ್ ಸುಟ್ಟ ಕಮಟು ವಾಸನೆ ಬಂತು. ಕಡ್ಡಿಯನ್ನು ಹಿಂದಕ್ಕೆ ತಂದು, ಮುಂದೆ ಸಿಕ್ಕ ತಂಗುಜಾಗದಲ್ಲಿ ಗಾಡಿ ನಿಲ್ಲಿಸಿ, ಗೇರ್‌ಬಾಕ್ಸನ್ನು ಮುಚ್ಚಿರುವ ರಟ್ಟಿನ ಹೊದಿಕೆಯ ಮೇಲೆ ಕಾರ್ಪೆಟ್ಟಿನ ಅಡಿಯಿಂದ ಕೈಯಿಟ್ಟು ನೋಡಿದರೆ ಎಡಭಾಗ ಬಲಭಾಗಕ್ಕಿಂತ ಸ್ಪಷ್ಟವಾಗಿ ಬಿಸಿಯಾಗಿತ್ತು. ಓವರ್‌ಡ್ರೈವಿನ ಸೊಲೆನಾಯ್ಡ್, ಎಂದರೆ ಕರೆಂಟು ಹರಿದಾಗ ಪ್ಲಂಜರ್ ಎಂಬ ಕಬ್ಬಿಣದ ತುಂಡನ್ನು ಒಳಗೆಳೆದುಕೊಳ್ಳುವ ತಂತಿಸುರುಳಿಯ ಡಬ್ಬಿ, ಇರುವುದು ಆ ಎಡಬದಿಯಲ್ಲೇ.

ಕಾರು 1963ರ ಟ್ರಯಂಫ್ ಟಿಆರ್4. ನಾನು ವಾಸವಾಗಿರುವ ಕವೆಂಟ್ರಿಯಲ್ಲೇ, ಕ್ಯಾನ್ಲಿಯ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಾರ್ಖಾನೆ ಈಗಿಲ್ಲ. ಈ ಕಾರಿನ ಮೇಲೆ ಮನಸ್ಸಾಗಲು ಒಂದು ಹಳೆಯ ಕಾರಣವಿದೆ. ಮೈಸೂರಿನಲ್ಲಿ ನಮ್ಮ ಸೋದರಮಾವನ ಬಳಿ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು, ಅದರ ರೂಪವನ್ನೂ ಟಿಆರ್4ರ ರೂಪವನ್ನೂ ಬಿಡಿಸಿದ ಕೈ ಒಂದೇ, ಇಟಲಿಯ ಜೊವಾನಿ ಮಿಕೆಲೊಟ್ಟಿಯವರದು. ಮಾವನ ಹೆರಾಲ್ಡಿಗೆ ಓವರ್‌ಡ್ರೈವ್ ಇರಲಿಲ್ಲವಾದ್ದರಿಂದ ಈ ವಿದ್ಯೆಯನ್ನು ನಾನು ಇಲ್ಲಿಗೆ ಬಂದ ಮೇಲೆಯೇ ಕಲಿಯಬೇಕಾಯಿತು.

ಓವರ್‌ಡ್ರೈವ್ ಎಂದರೆ ಗೇರ್‌ಬಾಕ್ಸಿನ ಹಿಂಬದಿಗೆ ಜೋಡಿಸಿದ ಇನ್ನೊಂದು ಚಿಕ್ಕ ಗೇರ್‌ಬಾಕ್ಸು. ಇದನ್ನು ರೂಪಿಸಿದವರು ಕ್ಯಾಪ್ಟನ್ ಎಡ್ಗರ್ ಡಿ ನಾರ್ಮನ್‌ವಿಲ್. ಶೆಫೀಲ್ಡ್‌ನ ಲೇಕಾಕ್ ಕಂಪನಿ ತಯಾರಿಸಿತು. ಹಾಗಾಗಿ ಎರಡೂ ಹೆಸರು ಸೇರಿಯೇ ಇದು ಪ್ರಸಿದ್ಧವಾಯಿತು. ಟಿಆರ್4ರಲ್ಲಿರುವುದು ಇದರ ಎ-ಮಾದರಿ. ಒಳಗೆ ಒಂದು ಸೂರ್ಯಗೇರು, ಅದರ ಸುತ್ತ ಗ್ರಹಗೇರುಗಳು, ಅವನ್ನು ಸುತ್ತುವರಿದ ಹಲ್ಲಿನ ಬಳೆ. ಸೂರ್ಯಗೇರನ್ನು ಅಲುಗದಂತೆ ಹಿಡಿದರೆ ಹೊರಗಿನ ಬಳೆ ಎಂಜಿನ್ನಿಗಿಂತ ವೇಗವಾಗಿ ತಿರುಗುತ್ತದೆ, ಚಕ್ರದ ಅದೇ ವೇಗಕ್ಕೆ ಎಂಜಿನ್ 0.82ರಷ್ಟು ತಿರುಗಿದರೆ ಸಾಕು. ಹಿಡಿಯುವ ಕೆಲಸ ಶಂಕುವಿನಾಕಾರದ ಒಂದು ಕ್ಲಚ್ಚಿನದು, ಅದನ್ನು ನೂಕುವುದು ಚದರ ಇಂಚಿಗೆ ಸುಮಾರು 400 ಪೌಂಡ್ ಒತ್ತಡದ ಎಣ್ಣೆ. ಆ ಎಣ್ಣೆಗೆ ದಾರಿ ಬಿಡುವ ಕವಾಟವನ್ನು ಎತ್ತುವುದಷ್ಟೇ ಸೊಲೆನಾಯ್ಡಿನ ಪಾಲಿನ ಕೆಲಸ. ಕವಾಟ ಏಳಬೇಕಾದ್ದು ಇಂಚಿನ 32ರಲ್ಲಿ ಒಂದು ಭಾಗ, ಎಂದರೆ 0.8 ಮಿಲಿಮೀಟರ್. ಇಷ್ಟು ದೊಡ್ಡ ಯಂತ್ರದ ಕೀಲಿ ಅಷ್ಟು ಸಣ್ಣ ಚಲನೆಯಲ್ಲಿದೆ.

ತಂಗುಜಾಗದಿಂದ ಹೊರಡುವಾಗ ಒಂದು ಎಚ್ಚರಿಕೆ ವಹಿಸಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಓವರ್‌ಡ್ರೈವ್ ಕಳಚಿಕೊಂಡಿದೆಯೋ ಇಲ್ಲವೋ ಎಂಬ ಖಾತ್ರಿ ಇಲ್ಲದಿದ್ದರೆ ಗಾಡಿಯನ್ನು ಯಾವ ಕಾರಣಕ್ಕೂ ರಿವರ್ಸ್ ತೆಗೆಯಬಾರದು. ಒಳಗಿರುವ ಒಮ್ಮುಖ ರೋಲರ್ ಕ್ಲಚ್ಚು ಒಂದು ಕಡೆಗೆ ಮಾತ್ರ ತಿರುಗಲು ಬಿಡುತ್ತದೆ. ಸೂರ್ಯಗೇರು ಸಿಕ್ಕಿಕೊಂಡಿರುವಾಗ ಗಾಡಿಯನ್ನು ಹಿಂದಕ್ಕೆ ನಡೆಸಿದರೆ ಆ ಕ್ಲಚ್ಚೂ ಶಂಕುವೂ ಒಂದರ ವಿರುದ್ಧ ಇನ್ನೊಂದು ಬಿಗಿದುಕೊಂಡು ಓವರ್‌ಡ್ರೈವ್ ಪೂರ್ತಿ ಹಾಳಾಗುತ್ತದೆ. ನನ್ನ ಅದೃಷ್ಟಕ್ಕೆ ಮುಂದಕ್ಕೇ ಜಾಗವಿತ್ತು. ಮನೆಗೆ ನಿಧಾನವಾಗಿ ಬಂದೆ.

ಮೊದಲು ಎಣ್ಣೆಯ ಮಟ್ಟ ನೋಡಿದೆ. ಗೇರ್‌ಬಾಕ್ಸಿಗೂ ಓವರ್‌ಡ್ರೈವಿಗೂ ಎಣ್ಣೆ ಒಂದೇ, ಅದು ಕಡಿಮೆಯಾದರೆ ಪಂಪಿಗೆ ಗಾಳಿ ಸಿಕ್ಕಿ ಒತ್ತಡ ಬರುವುದಿಲ್ಲ. ಮಟ್ಟ ಸರಿಯಿತ್ತು. ಆಮೇಲೆ ವಿದ್ಯುತ್ತಿನ ಕಡೆಗೆ ಬಂದೆ. ಎಂಜಿನ್ ನಿಲ್ಲಿಸಿ, ಇಗ್ನಿಷನ್ ಮಾತ್ರ ಹಾಕಿ, ಗೇರನ್ನು ನಾಲ್ಕಕ್ಕೆ ತಂದು ಕಡ್ಡಿ ಸರಿಸಿದೆ. ಗೇರಿಗೆ ಹಾಕದೆ ಈ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಗೇರ್‌ಬಾಕ್ಸಿನ ಮೇಲ್ಮುಚ್ಚಳದಲ್ಲಿರುವ ಸ್ವಿಚ್ಚುಗಳು ಎರಡು, ಮೂರು ಮತ್ತು ನಾಲ್ಕನೆಯ ಗೇರುಗಳಲ್ಲಿ ಮಾತ್ರ ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚಿಗೆ) ಅಪ್ಪಣೆ ಕೊಡುತ್ತವೆ. ರಿಲೇ ಟಕ್ಕೆಂದಿತು. ಎಂದರೆ ಕಡ್ಡಿ, ಮೇಲ್ಮುಚ್ಚಳದ ಸ್ವಿಚ್ಚು, ರಿಲೇಯ ಒಳಸುರುಳಿ, ಮೂರೂ ಸರಿಯಿವೆ. ಆದರೆ ಅದರ ಹಿಂದೆಯೇ ಹೊದಿಕೆಯ ಅಡಿಯಿಂದ ಬರಬೇಕಾದ ಧಡ್ ಎಂಬ ಗಟ್ಟಿ ಸದ್ದು ಬರಲಿಲ್ಲ. ಕರೆಂಟು ಅಳೆಯುವ, ಡ್ಯಾಶ್‌ಬೋರ್ಡಿನ ಆಮೀಟರಿನ ಮುಳ್ಳು ಅಲುಗಿತೋ ಇಲ್ಲವೋ ಎನ್ನುವಷ್ಟು ಅಲುಗಿತು.

ಎ-ಮಾದರಿಯ ಸೊಲೆನಾಯ್ಡಿನ ಒಳಗೆ ಎರಡು ಸುರುಳಿಗಳಿವೆ, ಈ ಕಥೆಯೆಲ್ಲ ಅವುಗಳದ್ದೇ. ಒಂದು ದಪ್ಪ ತಂತಿಯ ಎಳೆಯುವ ಸುರುಳಿ, ಅದು 17 ಆಂಪಿಯರಿನಷ್ಟು ಕರೆಂಟು ಕುಡಿಯುತ್ತದೆ. ಇನ್ನೊಂದು ಸಣ್ಣ ತಂತಿಯ ಹಿಡಿದಿಡುವ ಸುರುಳಿ, ಅದಕ್ಕೆ ಒಂದು ಆಂಪಿಯರ್ ಸಾಕು. ಪ್ಲಂಜರ್ ದೂರದಲ್ಲಿರುವಾಗ ಅಯಸ್ಕಾಂತದ ಎಳೆತ ದುರ್ಬಲ, ಆಗ ದೊಡ್ಡ ಕರೆಂಟು ಬೇಕು. ಪ್ಲಂಜರ್ ಬಂದು ಕೊನೆಗೆ ಕೂತುಬಿಟ್ಟರೆ ನಡುವಿನ ಗಾಳಿಯ ತೆರವು ಇಲ್ಲವಾಗಿ ಎಳೆತ ಹಲವು ಪಟ್ಟು ಬೆಳೆಯುತ್ತದೆ, ಆಮೇಲೆ ಹಿಡಿದಿಡಲು ಸ್ವಲ್ಪವೇ ಸಾಕು. ಇದನ್ನು ಅರಿತೇ ತಯಾರಕರು ಪ್ಲಂಜರಿನ ದಾರಿಯ ತುದಿಯಲ್ಲಿ ಒಂದು ಜೊತೆ ಕಾಂಟ್ಯಾಕ್ಟುಗಳನ್ನು ಇಟ್ಟಿದ್ದಾರೆ. ಪ್ಲಂಜರ್ ಪೂರ್ತಿ ಒಳಗೆ ಬಂದಾಗ ಅದೇ ಈ ಕಾಂಟ್ಯಾಕ್ಟುಗಳನ್ನು ತಳ್ಳಿ ಬಿಡಿಸುತ್ತದೆ, ಎಳೆಯುವ ಸುರುಳಿಯ ಕರೆಂಟು ಕಡಿದುಹೋಗುತ್ತದೆ. ಅರೆಕ್ಷಣದಲ್ಲಿ ಮುಗಿಯಬೇಕಾದ ಕೆಲಸ ಇದು. ಪ್ಲಂಜರ್ ಕೊನೆಯ ಒಂದು ಮಿಲಿಮೀಟರ್ ಹಿಂದೆ ನಿಂತುಬಿಟ್ಟರೆ ಕಾಂಟ್ಯಾಕ್ಟುಗಳು ಬಿಡುವುದೇ ಇಲ್ಲ, 17 ಆಂಪಿಯರ್ ಹರಿಯುತ್ತಲೇ ಇರುತ್ತದೆ. ಹನ್ನೆರಡು ವೋಲ್ಟಿಗೆ ಅದು 200 ವ್ಯಾಟ್. ಮುಷ್ಟಿಗಾತ್ರದ ಡಬ್ಬಿಯೊಳಗೆ 200 ವ್ಯಾಟ್ ಬಿಸಿ ಒಂದು ನಿಮಿಷ ನಿಂತರೆ ತಂತಿಯ ಮೇಲಿನ ವಾರ್ನಿಷ್ ಉಳಿಯುವುದಿಲ್ಲ. ನಾನು ಎ46ರ ಮೇಲೆ ಕಾಯುತ್ತಾ ಕೂತಿದ್ದ ನಿಮಿಷ ಅದೇ.

ಸೊಲೆನಾಯ್ಡನ್ನು ಬಿಚ್ಚಬೇಕಾದರೆ ಟಿಆರ್ ಕಾರುಗಳಲ್ಲಿ ಒಳಗಿನಿಂದಲೇ ಹೋಗಬೇಕು. ಸೀಟುಗಳು, ಕಾರ್ಪೆಟ್ಟು, ಡ್ಯಾಶ್‌ಬೋರ್ಡಿಗೆ ಆಸರೆಯಾದ ಬ್ರಾಕೆಟ್ಟು, ಕೊನೆಗೆ ರಟ್ಟಿನ ಹೊದಿಕೆ. ಒಂದು ಮಧ್ಯಾಹ್ನದ ಕೆಲಸ. ಹಳೆಯ ಸೊಲೆನಾಯ್ಡನ್ನು ಕೈಗೆತ್ತಿಕೊಂಡಾಗ ವಾಸನೆಯೇ ಎಲ್ಲ ಹೇಳುತ್ತಿತ್ತು, ಆದರೂ ಮೀಟರು ಹಚ್ಚಿ ನೋಡಿದೆ. ಪ್ಲಂಜರ್ ಹೊರಗಿರುವಾಗ ಎರಡೂ ಸುರುಳಿ ಸೇರಿ ಒಂದು ಓಮಿಗಿಂತ ಕಡಿಮೆ ತೋರಿಸಬೇಕು. ಪ್ಲಂಜರನ್ನು ಹೆಬ್ಬೆರಳಿನಿಂದ ಪೂರ್ತಿ ಒತ್ತಿದರೆ ಕಾಂಟ್ಯಾಕ್ಟು ಬಿಟ್ಟು ಓದು ಹನ್ನೆರಡರ ಆಸುಪಾಸಿಗೆ ಹಾರಬೇಕು. ನನ್ನದರಲ್ಲಿ ಒತ್ತಿದರೂ ಬಿಟ್ಟರೂ ಹನ್ನೆರಡೇ. ಎಳೆಯುವ ಸುರುಳಿ ಕಡಿದುಹೋಗಿತ್ತು. ಹೊಸದಾಗಿ ಕೊಂಡ ಸೊಲೆನಾಯ್ಡಿಗೂ ಮೇಜಿನ ಮೇಲೆ ಇದೇ ಪರೀಕ್ಷೆ ಮಾಡಿದೆ, ಸರಿಯಾಗಿತ್ತು. ಪೊಟ್ಟಣದಿಂದ ತೆಗೆದ ಮಾತ್ರಕ್ಕೆ ಬಿಡಿಭಾಗವನ್ನು ನಂಬುವ ಅಭ್ಯಾಸ ನನಗಿಲ್ಲ, ಯಾರಿಗೂ ಇರಬಾರದೆಂದೇ ನನ್ನ ಅಭಿಪ್ರಾಯ.

ಇಲ್ಲೊಂದು ಹಿನ್ನೆಲೆ. ಎರಡು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸನ್ನು ಇಳಿಸಿ ಕ್ಲಚ್ ಬದಲಿಸಿದಾಗ ಸೊಲೆನಾಯ್ಡನ್ನೂ ಬದಲಿಸಿದ್ದರು. ಎರಡು ವರ್ಷಕ್ಕೆ ಎರಡನೆಯದು ಸುಟ್ಟಿದೆ ಎಂದರೆ ತಪ್ಪು ಸೊಲೆನಾಯ್ಡಿನದಲ್ಲ. ಅದು ಏಕೆ ಸುಟ್ಟಿತು ಎಂಬುದು ತಿಳಿಯದೆ ಹೊಸದನ್ನು ಹಾಕಿ ಹೊದಿಕೆ ಮುಚ್ಚಿದರೆ ಮೂರನೆಯದಕ್ಕೂ ಅದೇ ಗತಿ. ಹಾಗಾಗಿ ಸೊಲೆನಾಯ್ಡನ್ನು ಎರಡು ಬೋಲ್ಟಿನಿಂದ ಕೂರಿಸಿ, ಹೊದಿಕೆಯನ್ನು ತೆರೆದೇ ಇಟ್ಟು, ಮಗಳನ್ನು ಕರೆದೆ. ನಾನು ಒಳಗೆ ಬಗ್ಗಿ ಪ್ಲಂಜರಿನ ಮೇಲೆ ಟಾರ್ಚು ಹಿಡಿಯುವುದು, ಅವಳು ಬಾಗಿಲ ಬಳಿ ನಿಂತು ಕಡ್ಡಿ ಸರಿಸಿ ಆಮೀಟರ್ ನೋಡುವುದು ಎಂದು ಮಾತಾಯಿತು. ಮುಳ್ಳು ಒಮ್ಮೆ ಜೋರಾಗಿ ಹೊಡೆದು ತಕ್ಷಣ ಹಿಂದಕ್ಕೆ ಬರಬೇಕು ಎಂದು ಅವಳಿಗೆ ಹೇಳಿದ್ದೆ.

"ಹಾಕ್ಲಾ ಅಪ್ಪಾ?"

"ಹಾಕಮ್ಮಾ."

ಧಡ್ ಎಂದಿತು. ಪ್ಲಂಜರ್ ಒಳಗೆ ಹೋದದ್ದು ನನಗೆ ಕಂಡಿತು, ಸರಿಹೋಯಿತು ಎಂದೇ ಅಂದುಕೊಂಡೆ. ಅಷ್ಟರಲ್ಲಿ ಅವಳು, "ಅಪ್ಪಾ, ಮುಳ್ಳು ವಾಪಸ್ ಬರ್ತಾನೇ ಇಲ್ಲ!" ಎಂದು ಕೂಗಿದಳು. "ತೆಗಿ, ತೆಗಿ" ಎಂದೆ. ಎರಡು ಸೆಕೆಂಡು ಆಗಿರಬಹುದು. ಕಿವಿಗೂ ಕಣ್ಣಿಗೂ ಸರಿಯೆಂದು ತೋರಿದ್ದನ್ನು ಆಮೀಟರ್ ಒಪ್ಪಲಿಲ್ಲ. ಈ ಪರೀಕ್ಷೆಯಲ್ಲಿ ಸದ್ದನ್ನು ಮಾತ್ರ ಕೇಳಿ ತೃಪ್ತಿಪಡುವವರಿಗೆ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ: ಸದ್ದು ಬಂದರೂ ಸೊಲೆನಾಯ್ಡ್ ಸುಡುತ್ತದೆ.

ಪ್ಲಂಜರ್ ಪೂರ್ತಿ ಹೋಗದಿರಲು ಎರಡು ಕಾರಣ ಇರಬಹುದು. ಎಳೆತ ಸಾಲದಿರಬಹುದು, ಇಲ್ಲವೇ ಏನೋ ಅಡ್ಡ ನಿಂತಿರಬಹುದು. ಮೊದಲನೆಯದನ್ನು ಅಳೆಯುವುದು ಸುಲಭ. ಸೊಲೆನಾಯ್ಡಿನ ತಂತಿಗೆ ಮೀಟರ್ ಹಚ್ಚಿ, ಒಂದೇ ಕ್ಷಣ ಕಡ್ಡಿ ಸರಿಸಿ, ಓದು ನೋಡಿಕೊಂಡು ಬಿಟ್ಟೆವು. ಮತ್ತೊಮ್ಮೆ ಮಾಡುವ ಮೊದಲು ತಣ್ಣಗಾಗಲು ಐದು ನಿಮಿಷ ಕಾದೆವು. ನನ್ನ ಕಾರು ಹುಟ್ಟಿದಾಗಿನಂತೆಯೇ ಪಾಸಿಟಿವ್ ಅರ್ತಿನದು, ಎಂದರೆ ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಮೈಗೆ ಸೇರಿರುವಂಥದ್ದು, ಆದ್ದರಿಂದ ಮೀಟರಿನ ಓದಿಗೆ ಮೈನಸ್ ಚಿಹ್ನೆ ಬರುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ, ಸುರುಳಿಗೆ ದಿಕ್ಕಿನ ಹಂಗಿಲ್ಲ. ಬ್ಯಾಟರಿಯ ಬಳಿ 12.3 ಇದ್ದಾಗ ಸೊಲೆನಾಯ್ಡಿನ ಬಳಿ 9.6 ಮಾತ್ರ. ದಾರಿಯಲ್ಲಿ 2.7 ವೋಲ್ಟ್ ಕಳೆದುಹೋಗಿತ್ತು. ಇಷ್ಟು ನಷ್ಟಕ್ಕೆ 0.2 ಓಮಿನಷ್ಟು ಅಡೆತಡೆ ಸಾಕು; ಸಾಮಾನ್ಯ ಮೀಟರಿನಲ್ಲಿ ತಂತಿಯ ಓಮ್ ಅಳೆದರೆ ಅದು ಸಿಗುವುದೇ ಕಷ್ಟ, ಟೆಸ್ಟ್ ಲ್ಯಾಂಪು ಕೂಡ ಪ್ರಕಾಶಮಾನವಾಗಿಯೇ ಉರಿಯುತ್ತದೆ. ಆದ್ದರಿಂದ ಕರೆಂಟು ಹರಿಯುತ್ತಿರುವಾಗಲೇ ವೋಲ್ಟ್ ಅಳೆಯಬೇಕು, ಬಿಡಿಬಿಡಿಯಾಗಿ ಪ್ರತಿ ಜೋಡಣೆಯ ಈ ಕಡೆಗೂ ಆ ಕಡೆಗೂ. ಹಾಗೆ ಅಳೆಯುತ್ತಾ ಹೋದಾಗ ನಷ್ಟದಲ್ಲಿ ಹೆಚ್ಚಿನ ಪಾಲು ಸಿಕ್ಕಿದ್ದು ರಬ್ಬರ್ ಕವಚದೊಳಗಿನ ಒಂದು ಬುಲೆಟ್ ಕನೆಕ್ಟರಿನಲ್ಲಿ. ಎಳೆದು ತೆಗೆದರೆ ಹಿತ್ತಾಳೆಯ ಗುಂಡು ಹಸಿರು ಹಿಡಿದು, ಒಂದು ಮಗ್ಗುಲಲ್ಲಿ ಕಪ್ಪಾಗಿ ಕರಕಲಾಗಿತ್ತು. ಅದನ್ನು ಹೊಸದು ಮಾಡಿ, ರಿಲೇಯ ಕಾಂಟ್ಯಾಕ್ಟುಗಳನ್ನು ನಯವಾದ ಕಾಗದದಿಂದ ಒರೆಸಿ, ಎಂಜಿನ್ನಿನಿಂದ ಚಾಸಿಸಿಗೆ ಹೋಗುವ ಅರ್ತಿನ ಪಟ್ಟಿಯ ಎರಡೂ ತುದಿಯನ್ನು ಲೋಹ ಹೊಳೆಯುವವರೆಗೆ ಉಜ್ಜಿದ ಮೇಲೆ ಸೊಲೆನಾಯ್ಡಿನ ಬಳಿ 11.6 ಬಂತು. ಎಂಜಿನ್ನೂ ಗೇರ್‌ಬಾಕ್ಸೂ ರಬ್ಬರಿನ ಮೇಲೆ ಕೂತಿರುವುದರಿಂದ ಆ ಪಟ್ಟಿಯನ್ನು ಮರೆಯಬಾರದು.

ಈಗ ಮುಳ್ಳು ಹೊಡೆದು ಹಿಂದಕ್ಕೆ ಬಂತು. ಹತ್ತು ಸಲ ಮಾಡಿ ನೋಡಿದೆವು. ಏಳು ಸಲ ಬಂತು, ಮೂರು ಸಲ ಬರಲಿಲ್ಲ. ಕೆಲಸ ಮುಗಿಯಿತೆಂದು ಅಲ್ಲೇ ನಿಲ್ಲಿಸುವ ಆಸೆ ಬಲವಾಗಿತ್ತು, ಸಂಜೆಯೂ ಆಗಿತ್ತು. ಆದರೆ ಗ್ಯಾರೇಜಿನ ತಂಪಿನಲ್ಲಿ ಹತ್ತಕ್ಕೆ ಏಳು ಎಂದರೆ ರಸ್ತೆಯ ಮೇಲೆ ಅದಕ್ಕಿಂತ ಕಡಿಮೆಯೇ. ತಾಮ್ರದ ಅಡೆತಡೆ ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 0.4 ಶೇಕಡಾ ಏರುತ್ತದೆ. ಗೇರ್‌ಬಾಕ್ಸ್ ಕಾದು ಸೊಲೆನಾಯ್ಡ್ 60 ಡಿಗ್ರಿ ಬಿಸಿಯೇರಿದರೆ ಅಡೆತಡೆ ಕಾಲುಭಾಗದಷ್ಟು ಹೆಚ್ಚಿ ಎಳೆತ ಕುಗ್ಗುತ್ತದೆ. ಬೆಳಿಗ್ಗೆ ಹೊರಡುವಾಗ ಸರಿಯಾಗಿದ್ದ ಓವರ್‌ಡ್ರೈವ್ ಇಪ್ಪತ್ತು ಮೈಲಿ ಕಳೆದ ಮೇಲೆ ಕೈಕೊಡುತ್ತದೆ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಲೆಕ್ಕವೇ.

ಮರುದಿನ ಎರಡನೆಯ ಕಾರಣದ ಬೆನ್ನು ಹತ್ತಿದೆ. ಸೊಲೆನಾಯ್ಡಿನ ಪ್ಲಂಜರ್ ಒಂದು ಸನ್ನೆಯನ್ನು (ಲಿವರ್) ಎತ್ತುತ್ತದೆ, ಆ ಸನ್ನೆ ಓವರ್‌ಡ್ರೈವಿನ ಮೈಯನ್ನು ಅಡ್ಡಲಾಗಿ ಹಾದುಹೋಗುವ ಒಂದು ದಂಡವನ್ನು ತಿರುಗಿಸುತ್ತದೆ, ದಂಡದ ನಡುವಿನ ಮುಂಚಾಚು ಕವಾಟವನ್ನು ಎತ್ತುತ್ತದೆ. ಸನ್ನೆ ದಂಡಕ್ಕೆ ಅಂಟಿಕೊಂಡಿರುವುದು ಒಂದು ಬಿಗಿಬೋಲ್ಟಿನ ಹಿಡಿತದಿಂದ ಮಾತ್ರ, ಅದು ಯಾವ ಕೋನದಲ್ಲಿ ಬಿಗಿಯಲ್ಪಟ್ಟಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದನ್ನು ಅಳೆಯಲು ತಯಾರಕರು ಸೊಗಸಾದ ಏರ್ಪಾಡು ಮಾಡಿದ್ದಾರೆ. ದಂಡದ ಇನ್ನೊಂದು ತುದಿಯಲ್ಲಿ, ಬಲಬದಿಗೆ, ಒಂದು ಪುಟ್ಟ ಸನ್ನೆಯಿದ್ದು ಅದರಲ್ಲಿ ಇಂಚಿನ 16ರಲ್ಲಿ 3 ಭಾಗದ ರಂಧ್ರವಿದೆ. ಅದೇ ಅಳತೆಯ ರಂಧ್ರ ಹಿಂದಿನ ಮೈಯಲ್ಲೂ ಇದೆ. ಸೊಲೆನಾಯ್ಡ್ ಕೆಲಸ ಮಾಡುತ್ತಿರುವಾಗ ಎರಡೂ ರಂಧ್ರ ಒಂದರ ಮೇಲೊಂದು ಸರಿಯಾಗಿ ಕೂರಬೇಕು. 3/16 ಇಂಚಿನ ಡ್ರಿಲ್ ಬಿಟ್ಟಿನ ಬುಡವನ್ನೇ ತೂರಿಸಿ ನೋಡಬಹುದು. ಮಿಲಿಮೀಟರಿಗೆ ತಂದರೆ ಅದು 4.76, ಐದು ಮಿಲಿಮೀಟರಿನದು ಹೋಗುವುದಿಲ್ಲ, ನಾಲ್ಕೂವರೆಯದು ಸಡಿಲವಾಗಿ ಅಲುಗಾಡಿ ಸುಳ್ಳು ಹೇಳುತ್ತದೆ. ಇಂಚಿನ ಬಿಟ್ಟನ್ನೇ ತರಬೇಕು.

ಅಂಗಾತ ಮಲಗಿ, ಪಕ್ಕದಿಂದ ಕನ್ನಡಿ ಹಿಡಿದು ನೋಡಿದೆ. ಸೊಲೆನಾಯ್ಡ್ ಎಳೆದಿರುವಾಗ ಹಿಂದಿನ ರಂಧ್ರ ಮುಂದಿನದರೊಳಗೆ ಅರ್ಧಚಂದ್ರದಂತೆ ಮಾತ್ರ ಕಾಣುತ್ತಿತ್ತು. ಎರಡು ವರ್ಷದಿಂದ ಅದು ಹಾಗೆಯೇ ಇದ್ದಿರಬೇಕು. ಪ್ಲಂಜರ್ ತನ್ನ ದಾರಿ ಮುಗಿಸುವ ಮೊದಲೇ ದಂಡ ತನ್ನ ಕೊನೆ ಮುಟ್ಟಿ ನಿಲ್ಲುತ್ತಿತ್ತು, ಉಳಿದ ಆ ಕೂದಲೆಳೆಯ ದೂರವನ್ನು ಪ್ಲಂಜರ್ ಹಿಂಡಿಕೊಂಡು ಹೋಗಬೇಕಿತ್ತು. ಕನೆಕ್ಟರು ಚೆನ್ನಾಗಿದ್ದ ದಿನಗಳಲ್ಲಿ ಎಳೆತಕ್ಕೆ ಅದನ್ನು ಮೀರುವ ಶಕ್ತಿಯಿತ್ತು. ಕನೆಕ್ಟರು ಹಸಿರು ಹಿಡಿಯುತ್ತಾ ಬಂದಂತೆ ಆ ಶಕ್ತಿ ಕುಂದಿತು, ಮೇ ತಿಂಗಳ ಆ ಭಾನುವಾರ ಎರಡೂ ದೋಷ ಒಟ್ಟಿಗೆ ಸೇರಿದವು. ಕನೆಕ್ಟರನ್ನು ಮಾತ್ರ ಸರಿಮಾಡಿದ್ದರೆ ಇನ್ನೊಂದು ವರ್ಷ ಓಡುತ್ತಿತ್ತೋ ಏನೋ, ಆಮೇಲೆ ಮತ್ತೆ ಅದೇ ವಾಸನೆ.

ಸರಿಪಡಿಸುವ ಕೆಲಸ ಹತ್ತು ನಿಮಿಷದ್ದು. ಸೊಲೆನಾಯ್ಡಿನ ಕಡೆಯ ಸನ್ನೆಯ ಬಿಗಿಬೋಲ್ಟನ್ನು ಸಡಿಲಿಸಿ, ಬಲಬದಿಯ ಸನ್ನೆಯನ್ನು ತಿರುಗಿಸಿ ಡ್ರಿಲ್ ಬಿಟ್ಟನ್ನು ಎರಡೂ ರಂಧ್ರದ ಮೂಲಕ ತೂರಿಸಿ ದಂಡವನ್ನು ಅಲ್ಲಿಗೆ ಕಟ್ಟಿಹಾಕಿದೆ. ಆಮೇಲೆ ಪ್ಲಂಜರನ್ನು ಬೆರಳಿನಿಂದ ಪೂರ್ತಿ ಒಳಗೆ ಒತ್ತಿ ಹಿಡಿದು, ಸನ್ನೆಯ ಕವಲನ್ನು ಪ್ಲಂಜರಿನ ತಲೆಗೆ ತಾಗುವಂತೆ ತಂದು, ಬೋಲ್ಟ್ ಬಿಗಿದೆ. ಬಿಗಿಯುವಾಗ ದಂಡವನ್ನು ಪಕ್ಕಕ್ಕೆ ಒತ್ತಿಬಿಡಬಾರದು, ಅದಕ್ಕೆ ಅತ್ತಿತ್ತ ಒಂದಿಷ್ಟು ಸಡಿಲ ಇರಬೇಕು, ಇಲ್ಲದಿದ್ದರೆ ಮೈಗೆ ಉಜ್ಜಿ ಅದೇ ಇನ್ನೊಂದು ಅಡ್ಡಿಯಾಗುತ್ತದೆ. ಬಿಟ್ಟನ್ನು ಹೊರತೆಗೆದು ಮಗಳಿಗೆ ಮತ್ತೆ ಹೇಳಿದೆ. ಮುಳ್ಳು ಚಿಮ್ಮಿ ಹಿಂದಕ್ಕೆ ಬಂತು. ಹತ್ತಕ್ಕೆ ಹತ್ತು. ಸದ್ದಿನಲ್ಲೂ ವ್ಯತ್ಯಾಸವಿತ್ತು: ಮೊದಲಿನದು ಒಂದೇ ಧಡ್, ಈಗಿನದರಲ್ಲಿ ಧಡ್ಡಿನ ಬೆನ್ನಿಗೇ ಒಂದು ಸಣ್ಣ ಟಿಕ್. ಕಾಂಟ್ಯಾಕ್ಟು ಬಿಡುವ ಸದ್ದು ಅದು. ಈಗ ಆ ಟಿಕ್ಕಿಗೆ ಕಿವಿ ಒಗ್ಗಿದೆ, ಎಂಜಿನ್ ನಿಂತಿರುವಾಗ ಸೀಟಿನಲ್ಲಿ ಕೂತೇ ಕೇಳಬಲ್ಲೆ.

ಇಲ್ಲಿ ಹೇಳಿದ ಲೆಕ್ಕವನ್ನು ಎಲ್ಲ ಓವರ್‌ಡ್ರೈವಿಗೂ ಹಚ್ಚಬಾರದು. 1967ರವರೆಗಿನ ಎಂಜಿಬಿ ಕಾರಿನ ಡಿ-ಮಾದರಿಯಲ್ಲೂ ಎರಡು ಸುರುಳಿಗಳೇ, ಅಲ್ಲೂ ಹೊಂದಿಸುವ ಕೆಲಸವಿದೆ, ಕ್ರಮ ಬೇರೆ. ಆಮೇಲಿನ ಎಂಜಿಬಿಯ ಎಲ್‌ಎಚ್ ಮಾದರಿಯಲ್ಲಿ ಸೊಲೆನಾಯ್ಡ್ ಒಳಗೇ ಇದೆ; ಟ್ರಯಂಫ್ ಡಾಲಮೈಟಿನಂಥ ಕಾರುಗಳ ಜೆ-ಮಾದರಿಯಲ್ಲಿ ಒಂದೇ ಸುರುಳಿ, ಕುಡಿಯುವುದು ಎರಡು ಆಂಪಿಯರಿನಷ್ಟು. ಈ ಕೊನೆಯ ಎರಡರಲ್ಲಿ ಆಮೀಟರಿನ ಮುಳ್ಳು ಚಿಮ್ಮುವುದನ್ನು ಹುಡುಕುತ್ತಾ ಕೂತರೆ ಸಿಗುವುದಿಲ್ಲ.

ಹೊದಿಕೆಯನ್ನು ಮತ್ತೆ ಮುಚ್ಚುವ ಮೊದಲು ಬಲಬದಿಯ ಸನ್ನೆಯ ನೇರಕ್ಕೆ ಅದರಲ್ಲಿ ಎರಡು ಇಂಚಿನ ಕಿಂಡಿ ಕೊರೆದು ರಬ್ಬರ್ ಬಿರಡೆ ಹಾಕಿದೆ. ಮೂಲರೂಪವನ್ನು ಕೆಡಿಸಬಾರದೆನ್ನುವವರು ಒಪ್ಪದಿರಬಹುದು. ನನ್ನ ಮಟ್ಟಿಗೆ ವರ್ಷಕ್ಕೊಮ್ಮೆ ಸೀಟು ಬಿಚ್ಚದೆ ಡ್ರಿಲ್ ಬಿಟ್ಟನ್ನು ತೂರಿಸಿ ನೋಡುವ ಸೌಕರ್ಯ ಒಂದು ರಟ್ಟಿನ ಶುದ್ಧತೆಗಿಂತ ದೊಡ್ಡದು. ಬಿಟ್ಟನ್ನು ಬಟ್ಟೆಯಲ್ಲಿ ಸುತ್ತಿ ಗ್ಲವ್ ಬಾಕ್ಸಿನಲ್ಲೇ ಇಟ್ಟಿದ್ದೇನೆ.

ಅಂದಿನಿಂದ ಆರುನೂರು ಮೈಲಿ ಓಡಿದೆ. ಹಾಕಿದಾಗ ಓವರ್‌ಡ್ರೈವ್ ತಕ್ಷಣ ಹಿಡಿಯುತ್ತದೆ. ತೆಗೆದಾಗ ಮಾತ್ರ, ಎಣ್ಣೆ ತಣ್ಣಗಿದ್ದರೆ, ಬಿಡಲು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಇದು ಸೊಲೆನಾಯ್ಡಿನ ದೋಷವಲ್ಲ. ಕವಾಟದ ಮೈಯಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರವಿದ್ದು, ಒತ್ತಡದ ಎಣ್ಣೆ ಅದರ ಮೂಲಕವೇ ಬಸಿದುಹೋಗಬೇಕು. ಅಲ್ಲಿ ಕಸ ಕೂತಿರಬೇಕು. ಎಂಜಿನ್ ನಿಲ್ಲಿಸಿ, ಉಳಿದ ಒತ್ತಡ ಇಳಿಯಲು ಸೊಲೆನಾಯ್ಡನ್ನು ಹತ್ತು ಹನ್ನೆರಡು ಸಲ ಹಾಕಿ ತೆಗೆದು, ಮೇಲಿನ ಬಿರಡೆ ಬಿಚ್ಚಿ, ಉಕ್ಕಿನ ಗೋಲಿಯನ್ನೂ ಕವಾಟವನ್ನೂ ಹೊರತೆಗೆದು ತೊಳೆಯಬೇಕು. ಬರುವ ಶನಿವಾರ ಆ ಕೆಲಸ. ಅಲ್ಲಿಯವರೆಗೆ ಮನೆಯ ಮುಂದೆ ಬಂದು ನಿಲ್ಲುವ ಮೊದಲೇ ಕಡ್ಡಿಯನ್ನು ಹಿಂದಕ್ಕೆ ತಂದು, ಎಂಜಿನ್ನಿನ ಸುತ್ತು ಏರಿದ್ದನ್ನು ಕಿವಿಯಾರೆ ಕೇಳಿದ ಮೇಲೆಯೇ ರಿವರ್ಸ್ ಹಾಕುತ್ತಿದ್ದೇನೆ.